ಅರ್ಧ ಮುಂದೆ, ಅರ್ಧ ಹಿಂದೆ

ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿಗೆ ಜಯಪಾಲ ತನ್ನ ರೇಸ್ ಕಾರು ಹತ್ತಿಸಿದ. ಹಿಂದಿನ ಸೀಟು ಕೀಳಿಸಿ, ಇಂಜಿನ್ ಬದಲಿಸಿ, ಮುಂದಕ್ಕೂ ಹಿಂದಕ್ಕೂ ಭಾರ ಸರಿಸಮ ಮಾಡಿಸಿದ್ದೇನೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದ. ಮುಂದಿನ, ಹಿಂದಿನ ಗಾಲಿಗಳ ಭಾರ ಬೇರೆಬೇರೆ ತೋರಿಸುವ ಮಿಷನ್ನಿನಲ್ಲಿ ತೂಗಿದರೆ ಮುಂದಿನ ಗಾಲಿಗಳ ಮೇಲೇ ಹೆಚ್ಚು.

"ನಿನ್ನ ಮಿಷನ್ನೇ ಸುಳ್ಳು. ಸಮ ತೋರಿಸು, ಇಲ್ಲಾಂದ್ರೆ ಕೆಲಸ ಬಿಡಿಸ್ತೀನಿ. ಇಲ್ಲಿನ ಮಾಲೀಕರು ನಮ್ಮ ಭಾವ."

ತೂಕ ಹಾಕುವ ಗುಮಾಸ್ತ ಕಾರನ್ನೊಮ್ಮೆ, ಜಯಪಾಲನ ಹೊಟ್ಟೆಯನ್ನೊಮ್ಮೆ ನೋಡಿದ. "ತೋರಿಸೋಣ ಸಾರ್. ನೀವು ಹಿಂದೆ ಡಿಕ್ಕೀಲಿ ಕೂತ್ಕೊಳ್ಳಿ."

ಜಯಪಾಲನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಮಂಡಿ ಮಡಚಿ ತೂರಿಕೊಂಡ. ಗುಮಾಸ್ತ ಮತ್ತೆ ತೂಗಿದ.

"ಸರಿಸಮ ಬಂತು ಸಾರ್. ಹೀಗೇ ಹೊರಟುಬಿಡಿ, ಲಾರಿಯವರು ಕಾಯ್ತಿದ್ದಾರೆ."

ಜಯಪಾಲ ಡಿಕ್ಕಿಯಿಂದ ಕತ್ತು ಚಾಚಿದ. "ಅಲ್ಲಯ್ಯಾ, ಓಡಿಸೋರು ಯಾರು?"

"ಯಾರೂ ಕೂರಬಾರದು ಸಾರ್. ಕೂತ್ರೆ ಮತ್ತೆ ಮುಂದೇನೇ ಜಾಸ್ತಿ ಆಗುತ್ತೆ."