ಗಂಟುಮೋರೆ ಹಂದಿ ಬಾಲ ಎತ್ತಿ ಓಡುವುದೇಕೆ?

ಭೂಮಿ ಇನ್ನೂ ಹೊಸದಾಗಿತ್ತು. ನದಿಗಳು ಯಾವ ಕಡೆ ಹರಿಯಲಿ ಎಂದು ಬೆಟ್ಟಗಳನ್ನು ಕೇಳಿಕೊಂಡು ಹೋಗುತ್ತಿದ್ದ ಕಾಲ.

ಆಗ ಆಫ್ರಿಕಾದ ದೊಡ್ಡ ಹುಲ್ಲುಗಾವಲಿನಲ್ಲಿ ಗೀರಿ ಎಂಬ ಹಂದಿ ತನ್ನ ಮರಿಗಳ ಜೊತೆ ಒಂದು ಬಿಲದಲ್ಲಿದ್ದಳು. ಅವಳ ಮುಖದ ತುಂಬ ಗಂಟುಗಳು. ಅದಕ್ಕೇ ಎಲ್ಲರೂ ಗಂಟುಮೋರೆ ಹಂದಿ ಎನ್ನುತ್ತಿದ್ದರು. ಮರಿಗಳಿಗೆ ಮಾತ್ರ ಆ ಮೋರೆಯಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಅವಳ ಬಾಲ ಹಗ್ಗದ ಹಾಗೆ ಸಣ್ಣ, ತುದಿಯಲ್ಲೊಂದು ಕಪ್ಪು ಕುಚ್ಚು. ಆ ಕಾಲದಲ್ಲಿ ಅದು ಕೆಳಗೇ ಜೋತಾಡುತ್ತಿತ್ತು.

ಗೀರಿಗೆ ಒಂದೇ ಚಿಂತೆ. ಹುಲ್ಲು ಅವಳ ಬೆನ್ನು ಮುಳುಗುವಷ್ಟು ಎತ್ತರ, ಮರಿಗಳೋ ಗಿಡ್ಡ. ಅವಳು ಚೂರು ಮುಂದೆ ಹೋದರೆ ಸಾಕು, ಹಿಂದಿನಿಂದ ಕೂಗು.

"ಅಮ್ಮಾ, ಎಲ್ಲಿದ್ದೀಯಾ?"

"ಇಲ್ಲೇ ಇದ್ದೀನಿ, ಬನ್ನಿ."

ಒಂದು ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತ ಬಂದ. "ಗೀರಕ್ಕಾ, ಓಡು! ಸಿಡಿಲು ಬಿದ್ದು ಹುಲ್ಲಿಗೆ ಬೆಂಕಿ ಹತ್ತಿದೆ. ನಾನು ಎಲ್ಲಿ ಹೋದರೂ ಬೆನ್ನಿಗೇ ಬರುತ್ತಿದೆ."

"ಹಾಗಾದರೆ ಸ್ವಲ್ಪ ನಿಲ್ಲೋ ತಮ್ಮಾ!"

"ನಿಂತರೆ ನಾನು ಗಾಳಿಯೇ ಅಲ್ಲವಲ್ಲಕ್ಕಾ. ನದಿ ಕಡೆ ಓಡು!"

ಗೀರಿ ಮರಿಗಳನ್ನು ಕರೆದುಕೊಂಡು ಓಡಿದಳು. ನದಿ ದಂಡೆ ಮುಟ್ಟಿ ತಿರುಗಿ ನೋಡಿದರೆ ಎಲ್ಲರಿಗಿಂತ ಚಿಕ್ಕವಳು, ದೋಗೋ, ಇಲ್ಲ!

"ನದಿಯವ್ವಾ, ಇವರನ್ನು ನೋಡಿಕೋ."

"ಮರಳಿನ ಮೇಲೆ ಬಿಟ್ಟು ಹೋಗು ಮಗಳೇ. ನನ್ನ ಹತ್ತಿರ ಬೆಂಕಿಯ ಆಟ ನಡೆಯದು," ಎಂದಳು ನದಿ.

ಗೀರಿ ಹೊಗೆಯೊಳಗೆ ನುಗ್ಗಿದಳು. ಹುಲ್ಲಿನೊಳಗಿನಿಂದ ಸಣ್ಣ ದನಿ ಕೇಳಿತು. "ಅಮ್ಮಾ, ಎಲ್ಲಿದ್ದೀಯಾ?" ಅದರ ಜೊತೆ ಇನ್ನೂ ಎಷ್ಟೋ ದನಿಗಳು. ಜಿಂಕೆ ಮರಿಗಳು, ಹಕ್ಕಿ ಮರಿಗಳು, ಎಲ್ಲರೂ ದಾರಿ ತಪ್ಪಿದ್ದರು.

"ಇಲ್ಲೇ ಇದ್ದೀನಿ" ಎನ್ನಲು ಗೀರಿ ಬಾಯಿ ತೆರೆದಳು. ಹೊಗೆ ಗಂಟಲಿಗೆ ಇಳಿದು ಸ್ವರವೇ ಏಳಲಿಲ್ಲ. ಕತ್ತು ಎತ್ತೋಣವೆಂದರೆ ಕತ್ತು ಮೋಟು. ಹಾರೋಣವೆಂದರೆ ರೆಕ್ಕೆ ಇಲ್ಲ. ಏನು ಮಾಡಲಿ, ಏನು ಮಾಡಲಿ?

ಗೀರಿ ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಬೆನ್ನಿಗೆ ತಂದು, ಬಾಲ ಎತ್ತಿದಳು. ಬಾಲ ನೆಟ್ಟಗೆ ನಿಂತಿತು! ಹುಲ್ಲಿನ ಮೇಲೆ ಕುಚ್ಚು ಬಾವುಟದ ಹಾಗೆ ಪಟಪಟ ಆಡಿತು.

"ಅಮ್ಮನ ಬಾಲ!" ದೋಗೋ ಕಿರುಚಿದಳು. "ಎಲ್ಲರೂ ಬಾಲದ ಹಿಂದೆ ಬನ್ನಿ!"

ಗೀರಿ ಓಡಿದಳು. ಹಿಂದೆ ದೋಗೋ, ಅವಳ ಹಿಂದೆ ಜಿಂಕೆ ಮರಿಗಳು, ಹಕ್ಕಿ ಮರಿಗಳು. ಬೆಂಕಿ ಚಟಚಟ ಎನ್ನುತ್ತ ಅಟ್ಟಿಸಿಕೊಂಡು ಬಂತು. ಅವರೆಲ್ಲ ದಬದಬನೆ ಮರಳಿನ ಮೇಲೆ ಬಂದು ಬಿದ್ದರು. ಬೆಂಕಿ ನದಿ ದಂಡೆಗೆ ಬಂದು, ತಿನ್ನಲು ಏನೂ ಸಿಗದೆ ಸತ್ತಿತು.

ಆನೆಗಳು ಸೊಂಡಿಲೆತ್ತಿ ಘೀಳಿಟ್ಟವು. ಉಷ್ಟ್ರಪಕ್ಷಿಗಳು ಕುಣಿದವು. ಬಾಲದ ಹಿಂದೆ ಓಡಿ ಬಂದವರಲ್ಲಿ ಎಲ್ಲರಿಗಿಂತ ಕೊನೆಯದು ಒಂದು ಸಿಂಹದ ಮರಿ. ಅದರ ತಾಯಿ ಓಡಿ ಬಂದು ಮರಿಯ ಮೈ ನೆಕ್ಕಿ, ಗೀರಿಯ ಮುಂದೆ ತಲೆ ಬಾಗಿಸಿದಳು. "ಇವತ್ತು ನೀನು ನನಗೂ ಅಕ್ಕ."

"ಸಾಕು ಮಗಳೇ, ಇನ್ನು ಬಾಲ ಇಳಿಸು," ಎಂದಳು ನದಿ.

"ಓಡುವಾಗ ಇನ್ನು ಇಳಿಸೋದಿಲ್ಲ ಕಣವ್ವಾ," ಎಂದಳು ಗೀರಿ, ದೋಗೋಳನ್ನು ಎದೆಗೆ ಒತ್ತಿಕೊಂಡು. ಮರಿಗಳೂ ತಮ್ಮ ಪುಟ್ಟ ಬಾಲಗಳನ್ನು ಎತ್ತಿ ನಿಂತವು.

ಅದಕ್ಕೇ ಇಂದಿಗೂ ಸಫಾರಿ ಜೀಪಿನ ಸದ್ದು ಕೇಳಿ ಗಂಟುಮೋರೆ ಹಂದಿಗಳು ಓಡುವಾಗ, ಅಮ್ಮನದು ಮುಂದೆ, ಮರಿಗಳದು ಹಿಂದೆ, ಹುಲ್ಲಿನ ಮೇಲೆ ಬಾಲಗಳು ನೆಟ್ಟಗೆ ಸಾಲಾಗಿ ಹೋಗುವುದು ನಿಮಗೆ ಕಾಣುತ್ತದೆ.