ನಾನು ಬಂದು ನೋಡುವವರೆಗೆ

ಶಿಷ್ಯ ಕೇಳಿದ: "ಗುರುಗಳೇ, ಮುಪ್ಪಿನವರಿಗೆ ನಾವು ಕೊಡುವ ಚಿಕಿತ್ಸೆ ಸರಿಯಾಗಿಯೇ ಇರುತ್ತದೆ. ಜ್ವರ ಬಿಡುತ್ತದೆ, ಕೆಮ್ಮು ನಿಲ್ಲುತ್ತದೆ. ಆದರೂ ಅವರು ದಿನದಿಂದ ದಿನಕ್ಕೆ ಇಳಿದುಹೋಗುತ್ತಾರೆ. ಇದು ವಯಸ್ಸಿನ ದೋಷವೋ, ನಮ್ಮದೋ?"

ಗುರುಗಳು ಕುಟ್ಟುತ್ತಿದ್ದ ಬೇರನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣಕ್ಕೆ ಹೆಸರಿತ್ತು. ಕುದುರೆಯ ಮೇಲೆ ಊರಿಂದ ಊರಿಗೆ ಹೋಗುತ್ತಿದ್ದ. ಎಲ್ಲಿಯೂ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅವನು ಹೇಳಿದ ಪಥ್ಯವನ್ನು ಜನ ಹರಕೆಯಂತೆ ನಡೆಸುತ್ತಿದ್ದರು.

ಒಂದು ಊರಿನಲ್ಲಿ ಕಂಬಳಿ ಮಾರುವ ಮುದುಕಿಯೊಬ್ಬಳಿದ್ದಳು. ಎಪ್ಪತ್ತು ದಾಟಿತ್ತು. ಆದರೂ ಹೆಗಲ ಮೇಲೆ ಕಂಬಳಿ ಹೊತ್ತು ಸುತ್ತಲ ಸಂತೆಗಳಿಗೆ ನಡೆದೇ ಹೋಗುತ್ತಿದ್ದಳು. ಹೋಗುವಾಗ ಕೈ ಬರಿದಾಗಿರಬಾರದೆಂದು ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು. ಗಂಡನೂ ಇಲ್ಲ, ಮಗನೂ ಇಲ್ಲ. ಮಗ ಸತ್ತ ಮೇಲೆ ಉಳಿದ ಸೊಸೆ ಒಬ್ಬಳಿದ್ದಳು. ತವರಿಗೆ ಹೋಗು ಎಂದು ಎಲ್ಲರೂ ಹೇಳಿದಾಗಲೂ ಹೋಗದೆ ಅತ್ತೆಯ ಬಳಿಯೇ ನಿಂತವಳು ಅವಳು.

ಒಂದು ಮಾಗಿಯಲ್ಲಿ ಮುದುಕಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಸೊಸೆ ವೈದ್ಯನನ್ನು ಕರೆಸಿದಳು. ಅವನು ನಾಡಿ ನೋಡಿದ, ಕಷಾಯಕ್ಕೆ ಬೇಕಾದದ್ದನ್ನು ಕೊಟ್ಟ. ಕುದುರೆ ಹತ್ತುವಾಗ ಹೇಳಿದ: "ನಾನು ಬಂದು ನೋಡುವವರೆಗೆ ಮಂಚದಿಂದ ಇಳಿಸಬೇಡ. ತೆಳು ಗಂಜಿ ಮಾತ್ರ ಕೊಡು. ಉಪ್ಪು ಬೇಡ."

ಔಷಧಿ ಸರಿಯಾಗಿತ್ತು. ಪಥ್ಯವೂ ಆ ಜ್ವರಕ್ಕೆ ಸರಿಯಾಗಿತ್ತು. ನಾಲ್ಕನೆಯ ದಿನ ಜ್ವರ ಬಿಟ್ಟಿತು.

ವೈದ್ಯನಿಗೆ ಬೇರೆ ಸೀಮೆಯಿಂದ ಕರೆ ಬಂತು. ಅಲ್ಲಿಂದ ಇನ್ನೊಂದು ಸೀಮೆಗೆ ಕರೆದರು. ಮುದುಕಿಯನ್ನು ಅವನು ಮರೆತ. ಅವನು ಕೆಟ್ಟವನಲ್ಲ. ಇಷ್ಟು ಹೊತ್ತಿಗೆ ಜ್ವರ ಬಿಟ್ಟಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಮರೆತ.

ಹದಿನಾಲ್ಕು ತಿಂಗಳು ಕಳೆದವು. ಆ ಊರಿನ ಒಬ್ಬ ವರ್ತಕನಿಗೆ ಹೊಟ್ಟೆನೋವು ಬಂದು ವೈದ್ಯ ಮತ್ತೆ ಅಲ್ಲಿಗೆ ಬಂದ. ಕೆಲಸ ಮುಗಿದ ಮೇಲೆ ವರ್ತಕ ಹೇಳಿದ: "ಹಾಗೆಯೇ ಕಂಬಳಿ ಮುದುಕಿಯನ್ನೂ ನೋಡಿ ಹೋಗಿ. ಇನ್ನು ನಾಲ್ಕು ದಿನ ಉಳಿದರೆ ಹೆಚ್ಚು."

ವೈದ್ಯ ಹೋದ. ಮಂಚದ ಮೇಲೆ ಮುದುಕಿ ಮಗುವಿನಷ್ಟಾಗಿದ್ದಳು. ಕಾಲುಗಳಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ. ಬೆನ್ನಲ್ಲಿ ಹುಣ್ಣಾಗಿತ್ತು. ಅವನು ನಾಡಿ ಹಿಡಿದು ಬಹಳ ಹೊತ್ತು ಕೂತ. ಜ್ವರ ಇರಲಿಲ್ಲ. ಕಫ ಇರಲಿಲ್ಲ. ಬಾವು ಇರಲಿಲ್ಲ. ಎಷ್ಟು ಹುಡುಕಿದರೂ ರೋಗ ಸಿಗಲಿಲ್ಲ. ಕೊನೆಗೆ ಸೊಸೆಯ ಕಡೆ ತಿರುಗಿ ಹೇಳಿದ: "ರೋಗವೇನೂ ಇಲ್ಲ ತಾಯಿ. ವಯಸ್ಸು. ಎಣ್ಣೆ ತೀರಿದ ದೀಪಕ್ಕೆ ನಾನೇನು ಮಾಡಲಿ?"

ಸೊಸೆ ತಲೆ ತಗ್ಗಿಸಿ ಕೇಳಿದಳು: "ಹಾಗಾದರೆ ಸ್ವಾಮಿ, ಇನ್ನಾದರೂ ಗಂಜಿಗೆ ಒಂದು ಹರಳು ಉಪ್ಪು ಹಾಕಲೇ? ಬಹಳ ದಿನದಿಂದ ಕೇಳುತ್ತಿದ್ದಾರೆ."

"ಉಪ್ಪು ಬೇಡವೆಂದವರು ಯಾರು?"

"ತಾವೇ."

ವೈದ್ಯನಿಗೆ ಅರ್ಥವಾಗಲಿಲ್ಲ. ಸೊಸೆ ವಿವರಿಸಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ವ್ರತ ಕೆಡಿಸಲಿಲ್ಲ ಎನ್ನುವವಳ ಸಮಾಧಾನವಿತ್ತು.

"ತಾವು ಬಂದು ನೋಡುವವರೆಗೆ ಎಂದಿದ್ದಿರಿ. ಎರಡು ಸಲ ಆಳು ಕಳಿಸಿದೆ, ತಾವು ಸಿಗಲಿಲ್ಲ. ಊರವರು ಸಾಕು ಬಿಡು ಎಂದರು, ನಾನು ಬಿಡಲಿಲ್ಲ. ಮೊದಮೊದಲು ಅತ್ತೆ ಇಳಿಯುತ್ತೇನೆ ಎಂದು ಹಟ ಹಿಡಿದರು. ಹಳೆಯ ಸೀರೆ ಹರಿದು ಮಂಚಕ್ಕೆ ಕಟ್ಟಿದೆ. ಎರಡು ತಿಂಗಳು ಹಾಗೆ ಕಟ್ಟುತ್ತಿದ್ದೆ. ಆಮೇಲೆ ಕಟ್ಟುವ ಅಗತ್ಯ ಬೀಳಲಿಲ್ಲ."

ಮುದುಕಿಯ ಕೈ ವೈದ್ಯನ ಕೈಯಲ್ಲಿಯೇ ಇತ್ತು. ಅದನ್ನು ಬಿಡಬೇಕೋ ಹಿಡಿದಿರಬೇಕೋ ಅವನಿಗೆ ತಿಳಿಯಲಿಲ್ಲ.

ಆಗಲಿ ತಾಯಿ, ಇನ್ನು ಉಪ್ಪು ಹಾಕು ಎಂದು ಹೇಳಿ ಅವನು ಎದ್ದು ಹೋಗಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಮುದುಕಿ ನಾಲ್ಕು ದಿನದಲ್ಲಿ ತೀರಿಹೋಗುತ್ತಿದ್ದಳು. ಸೊಸೆ ಬದುಕಿರುವವರೆಗೂ ತಾನು ಕರ್ತವ್ಯ ಮಾಡಿದೆ ಎಂದುಕೊಳ್ಳುತ್ತಿದ್ದಳು. ಅವನ ನಾಲಗೆಯ ತುದಿಗೆ ಆ ಮಾತು ಬಂದೂ ಬಂದಿತ್ತು.

ಆದರೆ ಅವನು ಹೇಳಿದ್ದು ಬೇರೆ: "ಅದು ನಾಲ್ಕು ದಿನದ ಪಥ್ಯ, ತಾಯಿ. ನಾನು ಹಾಗೆಂದು ಹೇಳಲಿಲ್ಲ. ಬರಲೂ ಇಲ್ಲ."

ಸೊಸೆ ಅವನನ್ನೇ ನೋಡಿದಳು. ಆಮೇಲೆ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತಳು. ಅಳಲಿಲ್ಲ.

ವೈದ್ಯ ಮುದುಕಿಯ ಮುಖದ ಹತ್ತಿರ ಬಾಗಿದ. ಹಿಂದಿನ ಸಲವೂ ಈ ಸಲವೂ ಅವನು ಎಲ್ಲವನ್ನೂ ಕೇಳಿದ್ದು ಸೊಸೆಯನ್ನು. ಈಗ ಮೊದಲ ಬಾರಿಗೆ ಮುದುಕಿಯನ್ನು ಕೇಳಿದ: "ಅಜ್ಜಿ, ನಿನಗೇನು ಬೇಕು?"

ಮುದುಕಿ ತಡವಿಲ್ಲದೆ ಹೇಳಿದಳು: "ಹಿತ್ತಲಿಗೆ ನಾನೇ ಎದ್ದು ಹೋಗಬೇಕಪ್ಪ. ಮಲಗಿದಲ್ಲೇ ಎಲ್ಲ ಮಾಡಿಸಿಕೊಂಡು ನಾಚಿಕೆ ಸಾಕಾಗಿದೆ."

ವೈದ್ಯ ಕುದುರೆಯ ಜೀನು ಬಿಚ್ಚಿಸಿದ. ಆ ಮನೆಯ ಜಗುಲಿಯಲ್ಲಿ ಐವತ್ತು ದಿನ ಉಳಿದ. ಗಂಜಿಗೆ ಉಪ್ಪು ಬಿತ್ತು. ಆಮೇಲೆ ಹಾಲು, ಆಮೇಲೆ ಅಂಬಲಿ, ತುಪ್ಪ ಹಾಕಿದ ಮೆತ್ತನೆಯ ಅನ್ನ. ಹುಣ್ಣನ್ನು ಅವನೇ ತೊಳೆದ. ಮೊದಲು ದಿಂಬು ಕೊಟ್ಟು ಕೂರಿಸಿದ. ಎರಡನೆಯ ವಾರ ಕಾಲನ್ನು ಮಂಚದಿಂದ ಇಳಿಬಿಡಿಸಿದ. ಮೊದಲ ಸಲ ನಿಲ್ಲಿಸಿದ ದಿನ ಮುದುಕಿ ಅವನ ಮೈಮೇಲೆ ಬಿದ್ದಳು. ಮರುದಿನ ಮತ್ತೆ ನಿಲ್ಲಿಸಿದ.

ಐವತ್ತನೆಯ ದಿನ ಅವಳು ಕೋಲೂರಿ, ಗೋಡೆ ಹಿಡಿದು, ಒಬ್ಬಳೇ ಹಿತ್ತಲಿಗೆ ಹೋಗಿಬಂದಳು. ಅಷ್ಟೇ. ಸಂತೆಗೆ ಅವಳು ಮತ್ತೆಂದೂ ಹೋಗಲಿಲ್ಲ. ಅಷ್ಟು ದೂರ ನಡೆಯುವ ಕಾಲನ್ನು ಅವಳಿಗೆ ತಿರುಗಿ ಕೊಡಲು ಯಾರಿಂದಲೂ ಆಗಲಿಲ್ಲ. ಸೊಸೆ ಐವತ್ತು ದಿನವೂ ವೈದ್ಯನಿಗೆ ಹೊತ್ತು ಹೊತ್ತಿಗೆ ಊಟ ಬಡಿಸಿದಳು. ಒಂದು ಮಾತನ್ನೂ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ ಹೇಳಿದ: "ಎಂಥ ವೈದ್ಯ, ಗುರುಗಳೇ. ಹೇಳಿ ಹೋದವನು ಒಮ್ಮೆಯಾದರೂ ತಿರುಗಿ ನೋಡಬಾರದಿತ್ತೇ?"

ಗುರುಗಳು ಕೇಳಿದರು: "ಅವನ ವಿಷಯ ಬಿಡು, ನಿನ್ನ ಮಾತನ್ನು ನಂಬಿಕೊಂಡು ಇವತ್ತು ಯಾರು ಯಾರು ಮಲಗಿದ್ದಾರೆ?"