ಶೋಕೇಸಿನ ಗರಗಸ

ಮಂಗಳೂರಿನ ಬೆರ್ನಾಡೆತ್ ಬಾಯಮ್ಮನ ಮನೆತನಕ್ಕೆ ಮೂರು ತಲೆಮಾರಿನಿಂದ ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ಮುಂದಿನ ಬೆಂಚು. ಆದರೂ ನೆರೆಮನೆಯ ಸೆವ್ರಿನ್ ಬಾಯಮ್ಮ ದುಬಾರಿ ಪೆಟ್ರೋಲ್ ಚೈನ್ ಗರಗಸ ತಂದು ಶೋಕೇಸಿನಲ್ಲಿಟ್ಟಾಗ ಅವರ ಹೊಟ್ಟೆ ಉರಿಯಿತು. ಬೆರ್ನಾಡೆತ್ ಬಾಯಮ್ಮನ ಕೈಗೆಟುಕಿದ್ದು ಕರೆಂಟಿನ ಸಣ್ಣ ಗರಗಸ ಮಾತ್ರ. ಅವರ ಮನೆಯ ಅಡುಗೆಯವಳು ಅದರ ಚೈನಿಗೆ ಎಣ್ಣೆ ಬಿಟ್ಟು, ಹಲ್ಲುಗಳನ್ನು ಹರಿತ ಮಾಡಿ, ಸೌದೆ ಕೊಯ್ಯುತ್ತಿದ್ದಳು.

ಒಂದು ದಿನ ಸೆವ್ರಿನ್ ಗೋಡೆಯಾಚೆಯಿಂದ ಕೂಗಿದರು: "ಆ ಸೊಳ್ಳೆಯ ಗುಂಯ್ ನಿಲ್ಲಿಸಿ! ಬೀದಿಗೇ ನಾಚಿಕೆ!"

ಬೆರ್ನಾಡೆತ್ ಬಾಯಮ್ಮನ ಮುಖ ಕೆಂಪೇರಿತು. ಅಡುಗೆಯವಳು ವಿನಯದಿಂದ ಹೇಳಿದಳು: "ಆಯ್ತು ಬಾಯಮ್ಮ. ನಿಮ್ಮ ಹುಲಿ ಒಮ್ಮೆ ಗರ್ಜಿಸಲಿ, ನಮ್ಮ ಸೊಳ್ಳೆ ತೆಪ್ಪಗಾಗುತ್ತದೆ."

ಸೆವ್ರಿನ್ ಗರಗಸ ತಂದು ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಮತ್ತೆ ಎಳೆದರು. ಬೆವರಿದರು. ಕಳೆದ ಕ್ರಿಸ್ಮಸ್ಸಿನ ಪೆಟ್ರೋಲ್ ಟ್ಯಾಂಕಿನಲ್ಲೇ ಕೆಟ್ಟಿತ್ತು; ಹುಲಿ ಕೆಮ್ಮಲೂ ಇಲ್ಲ.

"ಪಾಪ, ಮಲಗಿದೆಯೇನೋ," ಎಂದಳು ಅಡುಗೆಯವಳು.

ಸೆವ್ರಿನ್ ಗರಗಸ ಎತ್ತಿಕೊಂಡು ಒಳಗೆ ಹೊರಟರು. ಬೆರ್ನಾಡೆತ್ ಬಾಯಮ್ಮ ಗೋಡೆಯ ಬಳಿ ನೆಟ್ಟಗೆ ನಿಂತು ಹೇಳಿದರು: "ನಿಲ್ಲಿ. ಇವಳ ಕ್ಷಮೆ ಕೇಳಿ ಹೋಗಿ."